ಎಡಕ್ಕೆ ತಿರುಗಿದರೆ ಕೂಗುವ ಪಿಕಪ್

ನನಗೆ ಮೂಗಿನ ತುದಿಯಲ್ಲಿ ಸಿಟ್ಟು ಎಂದು ಕುಂಬ್ರ ಪೇಟೆಯಲ್ಲಿ ಹೇಳುವವರಿದ್ದಾರೆ. ಹೇಳಲಿ. ಆದರೆ ಒಬ್ಬ ಮನುಷ್ಯ ತನ್ನ ಸ್ವಂತ ಗಾಡಿಯ ಹಾರ್ನ್ ಸರಿಮಾಡಿಸಲು ಹೊರಟರೆ ಮೂರು ತಾಲೂಕಿನವರು ಸೇರಿ ಅವನ ತಾಳ್ಮೆ ಪರೀಕ್ಷೆ ಮಾಡುವುದು ಯಾವ ನ್ಯಾಯ? ಬೇರೆಯವರ ಗಾಡಿ ವರ್ಕ್‌ಶಾಪಿಗೆ ಹೋಗುತ್ತದೆ, ಸರಿಯಾಗುತ್ತದೆ, ಮನೆಗೆ ಬರುತ್ತದೆ. ನನ್ನ ಗಾಡಿ ಮಾತ್ರ ಹೋದಲ್ಲೆಲ್ಲ ಒಂದು ಕಥೆ ಮಾಡಿಕೊಂಡೇ ಬರುವುದು. ಇದು ಇವತ್ತು ನಿನ್ನೆಯದಲ್ಲ, ಮೊದಲಿನಿಂದಲೂ ಹೀಗೆಯೇ.

ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳಿಗೆ ಮೈಕ್ ಮತ್ತು ಸ್ಪೀಕರ್ ಬಾಡಿಗೆಗೆ ಕೊಡುವುದು ನನ್ನ ಕೆಲಸ. ಅವುಗಳನ್ನು ಹೊರುವುದು ಅಪ್ಪ ತಂದ ಹಳೆಯ ಪಿಕಪ್. ಮುಂದೆ ಜೀಪಿನ ಮೂತಿ, ಹಿಂದೆ ಹಲಗೆಯ ತೊಟ್ಟಿ, ಪ್ರಾಯದಲ್ಲಿ ನನಗಿಂತ ಎರಡು ವರ್ಷ ದೊಡ್ಡದು. ಹದಿನಾಲ್ಕು ವರ್ಷದ ಹಿಂದೆ ಮನೆ ಪಾಲಾದಾಗ ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಹತ್ತು ಜನರ ಎದುರು "ಆ ಗುಜರಿಯನ್ನು ಅವನೇ ಇಟ್ಟುಕೊಳ್ಳಲಿ" ಎಂದ. ಜಾಗದ ವಿಷಯದಲ್ಲಿ ಒಂದು ಮಾತು ಎತ್ತದ ನಾನು ಆ ಗುಜರಿ ಎಂಬ ಶಬ್ದಕ್ಕೆ ಅವನ ಜೊತೆ ಮಾತು ಬಿಟ್ಟೆ. ಅವನೂ ಬಿಟ್ಟ. ಅವನ ಮನೆ ಇರುವುದು ನಾನು ದಿನಾ ಪೇಟೆಗೆ ಹೋಗುವ ದಾರಿಯಲ್ಲೇ. ಆದರೂ ಹದಿನಾಲ್ಕು ವರ್ಷ ಆ ಕಡೆ ಕತ್ತು ತಿರುಗಿಸದೆ ಗಾಡಿ ಓಡಿಸಿದೆ.

ಈಚೆಗೆ ಗಾಡಿಯ ನೋಂದಣಿಯ ಅವಧಿ ಮುಗಿಯುತ್ತ ಬಂತು. ತಪಾಸಣೆಯಲ್ಲಿ ಪಾಸಾದರೆ ಇನ್ನು ಐದು ವರ್ಷ ಓಡಬಹುದು, ಇಲ್ಲದಿದ್ದರೆ ನಿಜವಾಗಿಯೇ ಗುಜರಿ. ಎಂಜಿನ್ ಗಟ್ಟಿ, ಬ್ರೇಕ್ ಗಟ್ಟಿ. ಕೈಕೊಟ್ಟದ್ದು ಎರಡೇ, ಹಾರ್ನ್ ಮತ್ತು ಸ್ಟೇರಿಂಗ್. ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಗಾಡಿ ಸ್ವಲ್ಪ ಆಲೋಚನೆ ಮಾಡಿ ಮತ್ತೆ ಎಡಕ್ಕೆ ಹೋಗುತ್ತಿತ್ತು. ಹಾರ್ನ್ ಒತ್ತಿದರೆ ಆಲೋಚನೆ ಕೂಡ ಮಾಡುತ್ತಿರಲಿಲ್ಲ. ಏನೇ ಆಗಲಿ, ಅಣ್ಣನ ಬಾಯಿಂದ ಬಂದ ಮಾತು ನಿಜವಾಗಲು ಬಿಡಬಾರದು ಎಂದು ನಾನು ಹಠ ಹಿಡಿದೆ.

ಯಾವ ಮೇಳದ ಆಟ?

ಊರಿಗೆಲ್ಲ ಮೈಕ್ ಕೊಡುವವನ ಗಾಡಿಗೇ ಸ್ವರ ಇಲ್ಲ ಎಂದು ಚಾ ಅಂಗಡಿಯಲ್ಲಿ ನಗಾಡುವುದು ಶುರುವಾಗಿತ್ತು. ಇನ್ನು ತಡ ಮಾಡಬಾರದೆಂದು ಪುತ್ತೂರಿನ ಒಬ್ಬ ಗಾಡಿ ಎಲೆಕ್ಟ್ರಿಷಿಯನ್ ಹತ್ತಿರ ಹೊರಟೆ. ಪೇಟೆಯಲ್ಲಿ ಕೆಲಸ ಉಂಟು ಎಂದು ಹೆಂಡತಿಯೂ ಹತ್ತಿದಳು.

ನಮ್ಮ ಮುಂದೆ ಒಂದು ಆಟೋ, ರಸ್ತೆಯ ನಡುವಿನಲ್ಲಿ, ನಡೆದುಕೊಂಡು ಹೋಗುವವರ ವೇಗದಲ್ಲಿ. ನನಗೆ ಹಾರ್ನ್ ಇಲ್ಲ. ಕೈ ತಟ್ಟಿದೆ, ಬಾಗಿಲು ಬಡಿದೆ, ತಲೆ ಹೊರಗೆ ಹಾಕಿ ಬೊಬ್ಬೆ ಹೊಡೆದೆ. ಆ ಮನುಷ್ಯ ಹಿಂದೆ ತಿರುಗಿ ನೋಡಬೇಕಲ್ಲ.

"ನಮ್ಮ ಗಾಡಿಯ ತಲೆ ಮೇಲೆಯೇ ಮೈಕ್ ಕಟ್ಟಿ ಉಂಟು. ಅದರಲ್ಲಿ ಹೇಳಿದ್ರೆ ಆಯ್ತಲ್ಲ" ಎಂದಳು ಹೆಂಡತಿ.

ನಾನು ಸೀಟಿನ ಪಕ್ಕದ ಕೈಮೈಕಿಗೆ ಕೈ ಹಾಕಿದೆ. "ಬೇಡ, ನೀವು ಹೇಳಿದ್ರೆ ಜಗಳ ಆಗ್ತದೆ. ಇಲ್ಲಿ ಕೊಡಿ" ಎಂದು ಕಿತ್ತುಕೊಂಡು, ಬಹುಮಾನ ವಿತರಣೆಗೆ ಹೆಸರು ಕರೆಯುವ ಸ್ವರದಲ್ಲಿ, "ಮುಂದಿನ ಆಟೋದವರು ದಯವಿಟ್ಟು ಬದಿಗೆ ಸರಿಯಬೇಕಾಗಿ ವಿನಂತಿ" ಎಂದಳು.

ಆಟೋ ಬದಿಗೆ ಸರಿಯಲಿಲ್ಲ. ನಡುರಸ್ತೆಯಲ್ಲಿಯೇ ನಿಂತಿತು. ಅಂಗಡಿಯವರು ಹೊರಗೆ ಬಂದರು, ಬಸ್ಸಿಗೆ ಕಾಯುತ್ತಿದ್ದವರು ಹತ್ತಿರ ಬಂದರು. ಆಟೋದವನು ಇಳಿದು ಬಂದು ಕಿಟಕಿಯೊಳಗೆ ಕೈ ಚಾಚಿದ. "ಒಂದು ನೋಟಿಸ್ ಕೊಡಿ."

"ಎಂತ ನೋಟಿಸ್?"

"ಆಟದ್ದು. ಯಾವ ಮೇಳ?"

ನಮ್ಮಲ್ಲಿ ತಲೆಗೆ ಮೈಕ್ ಕಟ್ಟಿದ ಗಾಡಿ ಬಂತೆಂದರೆ ಎಲ್ಲೋ ಆಟ, ಅಂದರೆ ಯಾವುದೋ ಮೇಳದ ಯಕ್ಷಗಾನ ಉಂಟು ಎಂದೇ ಲೆಕ್ಕ. ಗಾಡಿ ಕೂಗುತ್ತದೆ, ಜನ ನಿಲ್ಲುತ್ತಾರೆ, ಗಾಡಿಯವರು ನೋಟಿಸ್ ಹಂಚುತ್ತಾರೆ. ಮೈಕಿನಲ್ಲಿ ಏನು ಹೇಳಿದರು ಎಂದು ಯಾರು ಕೇಳಿಸಿಕೊಳ್ಳುತ್ತಾರೆ?

"ಆಟ ಇಲ್ಲ. ನನಗೆ ಮುಂದೆ ಹೋಗ್ಲಿಕ್ಕೆ ಜಾಗ ಬೇಕು" ಎಂದೆ.

ಬಸ್ ತಂಗುದಾಣದಿಂದ ಒಬ್ಬರು ಅಜ್ಜ ಕೋಲು ಊರಿಕೊಂಡು ಅಷ್ಟು ದೂರದಿಂದ ಬಂದಿದ್ದರು. ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. "ಆಟ ಇಲ್ಲದಿದ್ರೆ ಜನ ಕರೆದು ನಿಲ್ಲಿಸುದು ಎಂತಕ್ಕೆ? ನನ್ನ ಮಂಡಿನೋವಿಗೆ ಯಾರು ಜವಾಬ್ದಾರಿ?" ಎಂದು ಶುರುಮಾಡಿದರು. ಹೌದಲ್ಲವಾ ಎಂದು ನಾಲ್ಕು ಜನ ದನಿಗೂಡಿಸಿದರು. ತಪ್ಪು ಯಾರದ್ದು, ಬೈಗುಳ ಯಾರಿಗೆ ನೋಡಿ. ನಾನು ಬಾಗಿಲು ತೆಗೆದು ಇಳಿಯುವುದರಲ್ಲಿದ್ದೆ. ಅಷ್ಟರಲ್ಲಿ ಹೆಂಡತಿ ಪುನಃ ಮೈಕ್ ಎತ್ತಿಕೊಂಡು, "ಆಟದ ದಿನಾಂಕವನ್ನು ಮುಂದೆ ತಿಳಿಸಲಾಗುವುದು" ಎಂದಳು.

ಎಲ್ಲರೂ ಸಮಾಧಾನದಿಂದ ಚದುರಿದರು. ಆ ದಾರಿಯಲ್ಲಿ ಹೋದರೆ ಈಗಲೂ ಅಜ್ಜ ಕೋಲೆತ್ತಿ ಗಾಡಿ ನಿಲ್ಲಿಸಿ, ದಿನ ನಿಗದಿ ಆಯಿತಾ ಎಂದು ಕೇಳುತ್ತಾರೆ.

ಮೂರು ದಿನದ ಕರೆ

ನನ್ನ ಗಾಡಿಯಲ್ಲಿ ಹಾರ್ನಿನ ಗುಂಡಿ ಇರುವುದು ಸ್ಟೇರಿಂಗ್ ಚಕ್ರದ ನಟ್ಟನಡುವೆ. ಅಲ್ಲಿಂದ ಒಂದು ವಯರು ಸ್ಟೇರಿಂಗಿನ ಕೊಳವೆಯೊಳಗೆ ಇಳಿದು ಕೆಳಗೆ ಹೋಗುತ್ತದೆ. ಆ ವಯರು ತುಂಡಾಗಿದೆ ಎಂದು ಪುತ್ತೂರಿನ ಎಲೆಕ್ಟ್ರಿಷಿಯನ್ ಹೊಸದು ಎಳೆದು ಕೊಟ್ಟ. ಒತ್ತಿ ನೋಡಿದೆ, ಒಳ್ಳೆಯ ಸ್ವರ. ಸಂತೋಷದಿಂದ ಹೊರಟು ಮೊದಲನೆಯ ತಿರುವಿನಲ್ಲಿ ಎಡಕ್ಕೆ ತಿರುಗಿಸಿದೆ. ನಾನು ಮುಟ್ಟದೆಯೇ ಪೋಂ ಎಂದಿತು. ಬಲಕ್ಕೆ ತಿರುಗಿದರೆ ಮೌನ. ಎಡಕ್ಕೆ ತಿರುಗಿದರೆ ತಿರುವು ಮುಗಿಯುವವರೆಗೂ ಪೋಂ.

ಅವನಿಗೆ ಫೋನು ಮಾಡಿದೆ. "ಎಡಕ್ಕೆ ತಿರುಗಿದ್ರೆ ತನ್ನಷ್ಟಕ್ಕೇ ಹಾರ್ನ್ ಆಗ್ತದೆ ಮಾರಾಯ."

"ಒಳ್ಳೆದೇ ಅಲ್ವಾ" ಎಂದ ಅವನು. "ತಿರುವಿನಲ್ಲಿ ಹಾರ್ನ್ ಮಾಡ್ಲೇ ಬೇಕು."

ನಾನು ಫೋನಿನಲ್ಲೇ ಬೊಬ್ಬೆ ಹೊಡೆದೆ. ಅವನು ಮತ್ತೆ ಸ್ವಲ್ಪ ಗಂಭೀರನಾಗಿ, ಕೊಳವೆಯೊಳಗಿನ ಬುಶ್, ಅಂದರೆ ಸರಳನ್ನು ಹಿಡಿದಿಡುವ ಬಳೆ, ಸವೆದು ಸರಳು ಅಲ್ಲಾಡುತ್ತಿದೆ, ಅದು ವಯರಿಗೆ ಉಜ್ಜಿ ಸಿಪ್ಪೆ ಹೋಗಿರಬೇಕು, ಸ್ಟೇರಿಂಗ್ ಬಿಚ್ಚುವುದು ತನ್ನ ಕೆಲಸ ಅಲ್ಲ, ಸುಳ್ಯದಲ್ಲಿ ಹಳೆ ಜೀಪಿನ ಮೇಸ್ತ್ರಿ ಒಬ್ಬರಿದ್ದಾರೆ, ಅಲ್ಲಿಗೆ ಹೋಗಿ ಎಂದ. ಆ ಮೇಸ್ತ್ರಿಗೆ ಪುರುಸೊತ್ತು ಇದ್ದದ್ದು ನಾಲ್ಕನೆಯ ದಿನಕ್ಕೆ.

ಅಲ್ಲಿಯವರೆಗೆ ಗಾಡಿ ಮನೆಯಲ್ಲಿ ಇಟ್ಟರೆ ನನ್ನ ಕೆಲಸ ನಡೆಯಬೇಕಲ್ಲ. ನನ್ನ ಮನೆಯಿಂದ ಕುಂಬ್ರಕ್ಕೆ ಬರುವ ದಾರಿಯಲ್ಲಿ ಇರುವ ದೊಡ್ಡ ಎಡತಿರುವು ಒಂದೇ. ಅದು ಎಲ್ಲಿ ಎಂದು ಕೇಳಬೇಡಿ. ಅಣ್ಣನ ಮನೆಯ ಗೇಟಿನ ಎದುರು.

ನಮ್ಮಲ್ಲಿ ಮನೆಗಳು ರಸ್ತೆಯಿಂದ ಒಳಗೆ ಇರುತ್ತವೆ. ಬಂದವರು ಗೇಟಿನ ಹತ್ತಿರ ಹಾರ್ನ್ ಮಾಡಿ ಕಾಯುವುದು, ಮನೆಯವರು ಹೊರಗೆ ಬರುವುದು ರೂಢಿ. ಮೊದಲನೆಯ ದಿನ ಬೆಳಿಗ್ಗೆ ಆ ತಿರುವಿನಲ್ಲಿ ನನ್ನ ಗಾಡಿ ಉದ್ದಕ್ಕೆ ಕೂಗಿತು. ನಾನು ಕತ್ತು ತಿರುಗಿಸದೆ ಹೋದೆ. ಎರಡನೆಯ ದಿನವೂ ಕೂಗಿತು. ಕಣ್ಣಂಚಿನಲ್ಲಿ ಜಗಲಿಯ ಮೇಲೆ ಯಾರೋ ಎದ್ದು ನಿಂತದ್ದು ಕಂಡಿತು. ಮೂರನೆಯ ದಿನ ಅಣ್ಣ ರಸ್ತೆಯಲ್ಲೇ ನಿಂತಿದ್ದ. ಒಂದು ಕೈಯಲ್ಲಿ ನೀರಿನ ಚೆಂಬು, ಇನ್ನೊಂದು ಕೈಯಲ್ಲಿ ಬೆಲ್ಲದ ತಟ್ಟೆ. ನಮ್ಮಲ್ಲಿ ಮನೆಗೆ ಬಂದವರಿಗೆ ಆಸರಿಗೆ ಎಂದು ಮೊದಲು ಕೊಡುವುದು ಇದನ್ನೇ. ಬ್ರೇಕ್ ಹಾಕದೆ ನಿರ್ವಾಹ ಇರಲಿಲ್ಲ.

"ಮೂರು ದಿನದಿಂದ ಕರೀತಾ ಇದ್ದಿ" ಎಂದ. "ಮೊನ್ನೆ ನಂಗೆ ಬಿಂಕ. ನಿನ್ನೆ ಚಪ್ಪಲಿ ಹಾಕುವಷ್ಟರಲ್ಲಿ ನೀನು ಹೋಗಿ ಆಯ್ತು. ಇವತ್ತು ಇಲ್ಲೇ ಬಂದು ನಿಂತದ್ದು. ಇಳಿ, ಆಸರಿಗೆ ಕುಡಿ."

ನಿನ್ನನ್ನು ನಾನು ಕರೆಯಲಿಲ್ಲ, ವಯರಿನ ಸಿಪ್ಪೆ ಹೋದದ್ದು ಎಂದು ಹೇಳಬೇಕೆಂದು ಬಾಯಿ ತೆರೆದೆ. ಅವನ ತಲೆ ಪೂರ್ತಿ ಬೆಳ್ಳಗಾಗಿದೆ ಎಂದು ನಾನು ನೋಡಿದ್ದು ಅವತ್ತೇ. ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡೆ. ಚೆಂಬು ಎತ್ತಿ ನೀರು ಕುಡಿದೆ.

ಈಗಲೂ ನೆನೆದರೆ ನನಗೆ ಕೋಪ ಬರುತ್ತದೆ. ಹದಿನಾಲ್ಕು ವರ್ಷ ಅಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದ ಜಗಳವನ್ನು, ನನ್ನನ್ನು ಒಂದು ಮಾತು ಕೇಳದೆ, ಒಂದು ವಯರು ರಾಜಿ ಮಾಡಿಬಿಟ್ಟಿತು.

ನಾಲ್ಕು ಹರಕೆ, ಒಂದು ಸ್ಪ್ರಿಂಗ್

ಸುಳ್ಯದ ಮೇಸ್ತ್ರಿ ಪ್ರಾಯ ಸಂದವರು, ಮಾತು ಕಡಿಮೆ. ಚಕ್ರ ಹಿಡಿದು ಒಮ್ಮೆ ಅಲ್ಲಾಡಿಸಿ, "ಇದರಲ್ಲಿ ನೀವು ಇಲ್ಲಿವರೆಗೆ ಹೇಗೆ ಬಂದದ್ದು?" ಎಂದರು. ಅಷ್ಟೇ. ಹಾರ್ನಿನ ಗುಂಡಿ ತೆಗೆದರು, ಚಕ್ರ ಕಳಚಿದರು, ಸವೆದ ಬುಶ್ ಹೊರಗೆ ಬಡಿದು ಹೊಸದು ಕೂರಿಸಿದರು, ವಯರಿಗೆ ರಬ್ಬರಿನ ಅಂಗಿ ತೊಡಿಸಿ ಇಳಿಬಿಟ್ಟರು. ಚಕ್ರ ವಾಪಸು ಕೂತಿತು. ಇನ್ನು ಗುಂಡಿ ಹಾಕಿದರೆ ಮುಗಿಯಿತು. ಆದರೆ ಗುಂಡಿಯ ಅಡಿಯಲ್ಲಿ ಇರಬೇಕಾದ ಸ್ಪ್ರಿಂಗ್ ಇಲ್ಲ.

ಕರಿಮೆಣಸಿಗಿಂತ ಸ್ವಲ್ಪ ಉದ್ದದ ಸ್ಪ್ರಿಂಗ್. ಅದಿಲ್ಲದಿದ್ದರೆ ಗುಂಡಿ ಒತ್ತಿದಲ್ಲೇ ಕೂರುತ್ತದೆ. ಆ ಕಾಲದ ಗಾಡಿಯ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ. ತಪಾಸಣೆಗೆ ಮಧ್ಯದಲ್ಲಿ ಇರುವುದು ಒಂದು ರಾತ್ರಿ. ನನಗೆ ಸಿಟ್ಟು ಬಾರದಿರುತ್ತದಾ? ಸಾಮಾನು ಇಡಲು ಒಂದು ತಟ್ಟೆ ಇಲ್ಲ, ಬಿಚ್ಚಿದ್ದು ಎಲ್ಲಿ ಹೋಯಿತು ಎಂಬ ಗೊತ್ತುಗುರಿ ಇಲ್ಲ, ಈ ಅಜಾಗರೂಕತೆಯಿಂದಲೇ ನಮ್ಮ ದೇಶ ಹೀಗಿರುವುದು ಎಂದು ನಾನು ಸುಮಾರು ಹೊತ್ತು ಹೇಳಿದೆ. ಮೇಸ್ತ್ರಿ ನೆಲದಲ್ಲಿ ಮಂಡಿ ಊರಿ ಹುಡುಕುತ್ತಿದ್ದರು. ಪಕ್ಕದ ಟಯರ್ ಅಂಗಡಿಯವರು ಅಯಸ್ಕಾಂತ ತಂದರು. ಅವರ ಗಿರಾಕಿಯಾಗಿ ಬಂದಿದ್ದ ರಬ್ಬರ್ ವ್ಯಾಪಾರಿ ಪಂಚೆ ಎತ್ತಿಕಟ್ಟಿ ಗಾಡಿಯ ಅಡಿಗೇ ಇಳಿದರು. ಅರ್ಧ ಗಂಟೆಯಾದರೂ ಸಿಗಲಿಲ್ಲ.

ನಮ್ಮಲ್ಲಿ ಏನು ಕಳೆದರೂ ಕೊರಗಜ್ಜ ದೈವಕ್ಕೆ ಹರಕೆ ಹೇಳಿಕೊಳ್ಳುವುದು. ಚಕ್ಕುಲಿ, ಎಲೆಅಡಿಕೆ ಕೊಡುತ್ತೇನೆ ಅಜ್ಜ, ತೋರಿಸಿಕೊಡು ಎಂದರೆ ಕಳೆದದ್ದು ಸಿಗುತ್ತದೆ. ಮೇಸ್ತ್ರಿ ಎದ್ದು ಕೈ ಮುಗಿದು ಹೇಳಿಕೊಂಡರು. ಟಯರಿನವರು ತಮ್ಮ ಲೆಕ್ಕದಲ್ಲಿ ಇನ್ನೊಂದು ಹೇಳಿಕೊಂಡರು. ರಬ್ಬರಿನವರು ಗಾಡಿಯ ಅಡಿಯಲ್ಲಿ ಮಲಗಿದಲ್ಲೇ ಹೇಳಿಕೊಂಡರು. ನಾನೂ ಮನಸ್ಸಿನಲ್ಲಿ ಹೇಳಿಕೊಂಡೆ. ಹೇಳಿಕೊಂಡು, ಬೆವರು ಒರೆಸೋಣ ಎಂದು ಅಂಗಿಯ ಕಿಸೆಯಿಂದ ಕರವಸ್ತ್ರ ಎಳೆದೆ.

ಟಿಣ್ ಎಂದು ಸ್ಪ್ರಿಂಗ್ ಕೆಳಗೆ ಬಿತ್ತು.

ಮೇಸ್ತ್ರಿ ಅದನ್ನು ಹೆಕ್ಕಿಕೊಂಡರು. "ನಾನೇ ಕೊಟ್ಟದ್ದು ಮಾರಾಯ್ರೆ, ಇದನ್ನು ಸ್ವಲ್ಪ ಹಿಡ್ಕೊಳ್ಳಿ ಅಂತ. ನಿಮ್ಮ ಭಾಷಣದಲ್ಲಿ ನಂಗೂ ನೆನಪೇ ಆಗ್ಲಿಲ್ಲ" ಎಂದರು.

ಕೊರಗಜ್ಜನ ಕಾರ್ಣಿಕ ನೋಡಿ, ಎಂಥ ಶಕ್ತಿ ಎಂದು ರಬ್ಬರಿನವರು ಗಾಡಿಯ ಅಡಿಯಿಂದ ಹೊರಗೆ ಬಂದರು. ಯಾರ ಹರಕೆಗೆ ಸಿಕ್ಕಿದ್ದು ಎಂದು ಚರ್ಚೆ ಶುರುವಾಯಿತು. ಎಲ್ಲರ ಹರಕೆಯನ್ನೂ ನಾನೇ ತೀರಿಸಬೇಕೆಂದು ಮೂರು ಜನವೂ ಒಪ್ಪಿದರು. ಒಬ್ಬನ ಕಿಸೆಯಲ್ಲಿದ್ದ ಅವನದೇ ವಸ್ತುವಿಗೆ ನಾಲ್ಕು ಹರಕೆಯಾ ಎಂದು ನಾನು ಸ್ವರ ಏರಿಸಿದೆ. ಆಗ ಟಯರಿನವರು ಮೆಲ್ಲಗೆ, "ನಾನು ಒಂದು ಮಾತು ಹೆಚ್ಚು ಹೇಳಿದ್ದೆ ಮಾರಾಯ್ರೆ. ಯಾರ ಹತ್ರ ಉಂಟೋ ಅವರಿಗೆ ಹೊಟ್ಟೆನೋವು ಬರ್ಲಿ ಅಂತ" ಎಂದರು.

ಆ ರಾತ್ರಿ ನಾನು ಗಂಜಿ ಮಾತ್ರ ಕುಡಿದೆ. ನಾಲ್ಕು ಪಾಲು ಚಕ್ಕುಲಿ ಬೆಳಗಾಗುವ ಮೊದಲೇ ಕಟ್ಟಿಸಿಕೊಂಡೆ.

ಸಾಕ್ಷಿಗಳು

ಸುಳ್ಯದಿಂದ ಹೊರಡುವ ಮೊದಲೇ ಇನ್ನೊಂದು ಆಗಿತ್ತು. ಗುಂಡಿ ಕೂರಿಸಿ ಒತ್ತಿದರೆ ಹಾರ್ನ್ ಗೊರ್ ಎಂದಿತು, ಸುಮ್ಮನಾಯಿತು. ಮೂರು ದಿನ ತಿರುವಿನಲ್ಲೆಲ್ಲ ಕೂಗಿ ಕೂಗಿ ಒಳಗೆ ಸುಟ್ಟಿದೆ ಎಂದರು ಮೇಸ್ತ್ರಿ. ಕಪಾಟಿನಲ್ಲಿ ಹುಡುಕಿ ಒಂದು ಹಳೆಯದನ್ನು ತೆಗೆದು ಕಟ್ಟಿದರು. "ಯಾವುದೋ ಗಾಡಿಯದ್ದು. ಒಳ್ಳೆ ಸ್ವರ ಉಂಟು." ಒತ್ತಿ ನೋಡಿದೆ. ಪೀಂ ಪೀಂ ಪೋಂ ಎಂದು ಹಾಡಿದ ಹಾಗೆ ಕೇಳಿಸಿತು. ದಿನಾ ಕೇಳಿದ ಸ್ವರವೇ ಎನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಪುತ್ತೂರಿನಲ್ಲಿ ತಪಾಸಣೆ. ಅದಕ್ಕೂ ಮೊದಲು ರಾಮಕುಂಜದ ಕಡೆಯ ಒಂದು ಮನೆಗೆ ಸ್ಪೀಕರ್ ಮುಟ್ಟಿಸುವುದಿತ್ತು. ತೊಟ್ಟಿಗೆ ಟರ್ಪಾಲು ಕಟ್ಟಿ ಬೆಳಿಗ್ಗೆಯೇ ಹೊರಟೆ. ಅಣ್ಣನ ಮನೆಯ ತಿರುವಿನಲ್ಲಿ ಗಾಡಿ ಸದ್ದಿಲ್ಲದೆ ತಿರುಗಿತು. ಮೇಸ್ತ್ರಿಯ ಕೈಗುಣಕ್ಕೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ರಾಮಕುಂಜದ ಒಳರಸ್ತೆಯ ಮೊದಲ ತಿರುವಿನಲ್ಲಿ ಹಾರ್ನ್ ಒತ್ತಿದೆ. ಒಬ್ಬರು ಹೆಂಗಸು ಪಾತ್ರೆ ಹಿಡಿದು ಓಡಿಬಂದರು. ಎರಡನೆಯ ತಿರುವಿನಲ್ಲಿ ಮೂವರು, ಮೂರು ಪಾತ್ರೆ. ಅವರ ಹಿಂದೆ ಬಾಲ ಎತ್ತಿಕೊಂಡು ಒಂದು ಬೆಕ್ಕು. ಆಗ ಹೊಳೆಯಿತು. ಬೆಳಿಗ್ಗೆ ಮನೆ ಮನೆಗೆ ಬರುವ ಮೀನಿನ ಗಾಡಿಯ ಹಾರ್ನ್ ಅದು.

"ಬಂಗುಡೆ ಉಂಟಾ?" ಎಂದು ಅವರಲ್ಲಿ ಒಬ್ಬರು ಕೇಳಿದರು.

"ಇಲ್ಲ."

"ಬೂತಾಯಿ?"

"ಅಮ್ಮ, ಇದು ಮೀನಿನ ಗಾಡಿ ಅಲ್ಲ."

"ಮತ್ತೆ ಟರ್ಪಾಲಿನ ಅಡಿಯಲ್ಲಿ ಎಂತ ಉಂಟು?"

"ಸ್ಪೀಕರ್."

ಅವರು ಟರ್ಪಾಲು ಎತ್ತಿ ನೋಡಿದರು. ಮೂಸಿಯೂ ನೋಡಿದರು. "ಒಳ್ಳೆದೆಲ್ಲ ಆಚೆ ಮನೆಯವರಿಗೆ ಕೊಟ್ಟು ಆಯ್ತು, ಅಲ್ವಾ? ಯಾವಾಗ್ಲೂ ಹೀಗೇ ನೀವು" ಎಂದು ನನಗೇ ಗದರಿಸಿದರು. ನಾನು ಜೀವಮಾನದಲ್ಲಿ ಮೀನು ಮಾರಿದವನಲ್ಲ. ಅಲ್ಲಿಂದ ಪುತ್ತೂರಿನವರೆಗೆ ಆ ಗುಂಡಿಯ ಮೇಲೆ ಕೈ ಇಡಲಿಲ್ಲ.

ತಪಾಸಣೆಯ ಮೈದಾನಕ್ಕೆ ಬಂದು ನೋಡಿದರೆ ಅಣ್ಣ ನಿಂತಿದ್ದಾನೆ, ಸ್ಕೂಟರಿನಲ್ಲಿ ಬಂದು. ಮುಖ ಸಣ್ಣದಾಗಿದೆ.

"ಎಂತ, ಪುನಃ ಮಾತು ಬಿಟ್ಟದ್ದಾ?" ಎಂದ. "ಬೆಳಿಗ್ಗೆ ಹಾರ್ನ್ ಮಾಡದೆ ಹೋದಿ. ನಾನು ಬೆಲ್ಲ ಹಿಡಿದು ನಿಂತದ್ದು ಅಲ್ಲೇ ಬಾಕಿ. ನಿನ್ನ ಹೆಂಡತಿ ಹತ್ರ ಕೇಳಿದ್ದಕ್ಕೆ ಇಲ್ಲಿದ್ದಿ ಅಂದ್ಳು."

ಗಾಡಿ ಸರಿಯಾಯಿತು ಅಣ್ಣ, ಅದಕ್ಕೆ ಕೂಗಲಿಲ್ಲ ಎಂದು ಹೇಳುವುದು ಹೇಗೆ? ಅಷ್ಟರಲ್ಲಿ ಅಧಿಕಾರಿ ಬಂದರು. ಚಕ್ರ ಅಲ್ಲಾಡಿಸಿ ನೋಡಿದರು, ಕೊಳವೆಗೆ ತಟ್ಟಿ ನೋಡಿದರು, ಅಡಿಗೆ ಬಗ್ಗಿ ನೋಡಿದರು. ಅವರು ಏಳುತ್ತ, "ಸ್ಟೇರಿಂಗ್ ಒಳ್ಳೆದಾಗಿದೆ. ಆದ್ರೂ ಇಷ್ಟು ಹಳೆದನ್ನು ಗುಜರಿಗೆ ಕೊಡುದಲ್ವಾ ಒಳ್ಳೆದು?" ಎಂದು ಸಹಜವಾಗಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಮುಂದೆ ನುಗ್ಗಿದ. ಮುಖ ಕೆಂಪಾಗಿತ್ತು. "ಆ ಶಬ್ದ ಮಾತ್ರ ಹೇಳ್ಬೇಡಿ ಸಾರ್. ಅದು ನಮ್ಮ ಚಿಕ್ಕಪ್ಪ ತಂದ ಗಾಡಿ. ನಮ್ಮಲ್ಲಿ ಯಾರೂ ಅದಕ್ಕೆ ಹಾಗೆ ಹೇಳುವ ಕ್ರಮ ಇಲ್ಲ."

ನಾನು ಅವನನ್ನೇ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಹತ್ತು ಜನರ ಎದುರು ಹೇಳಿದ್ದನ್ನು ಅವತ್ತು ಹತ್ತು ಜನರ ಎದುರೇ ನುಂಗಿಕೊಂಡ.

"ಆಯ್ತು, ಹಾರ್ನ್ ಮಾಡಿ" ಎಂದರು ಅಧಿಕಾರಿ.

ದೇವರೇ ಎಂದು ಒತ್ತಿದೆ. ಪೀಂ ಪೀಂ ಪೋಂ. ಮೊದಲು ಎದುರಿನ ಕ್ಯಾಂಟೀನಿನ ಬಾಗಿಲು ತೆರೆಯಿತು, ಒಬ್ಬರು ಬೋಗುಣಿ ಹಿಡಿದು ಹೊರಗೆ ಬಂದರು. ಮೈದಾನದ ಆಚೆಯ ಎರಡು ಮನೆಯಿಂದ ಎರಡು ಪಾತ್ರೆ ಬಂತು. ಎಲ್ಲಿದ್ದವೋ, ನಾಲ್ಕು ಬೆಕ್ಕು ಬಂದು ಅಧಿಕಾರಿಯ ಕಾಲಿನ ಸುತ್ತ ಕೂತವು. ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಲಾರಿಯವನು ಕೂಡ ಇಳಿದು ಬಂದು, ಅಂಜಲ್ ಮೀನು ಕಿಲೋಗೆ ಹೇಗೆ ಎಂದು ಕೇಳಿದ.

ಅಧಿಕಾರಿ ಪಾತ್ರೆಗಳನ್ನು ನೋಡಿದರು, ಬೆಕ್ಕುಗಳನ್ನು ನೋಡಿದರು. "ಹಾರ್ನ್ ದೂರಕ್ಕೆ ಕೇಳಿಸ್ತದೆ ಎನ್ನುದಕ್ಕೆ ಇಷ್ಟು ಸಾಕ್ಷಿ ಯಾವ ಗಾಡಿಗೂ ಬಂದದ್ದಿಲ್ಲ" ಎಂದು ಸಹಿ ಹಾಕಿದರು. ಗಾಡಿ ಐದು ವರ್ಷಕ್ಕೆ ಪಾಸಾಯಿತು.

ಮಾರನೆಯ ದಿನದಿಂದ ಆ ತಿರುವಿನಲ್ಲಿ ನಾನೇ ಕೈಯಾರೆ ಹಾರ್ನ್ ಒತ್ತುತ್ತೇನೆ. ಅಷ್ಟೆಲ್ಲ ಓಡಾಡಿ ಸರಿಮಾಡಿಸಿದ್ದನ್ನು ಕೆಟ್ಟಿದ್ದ ಹಾಗೆಯೇ ಬಾರಿಸುವ ಅವಸ್ಥೆ. ಅಣ್ಣ ಬೆಲ್ಲ, ನೀರು ಹಿಡಿದು ಗೇಟಿಗೆ ಬರುತ್ತಾನೆ. ಮೊದಲನೆಯ ದಿನ ಅವನ ಹಿಂದೆಯೇ ಅತ್ತಿಗೆಯೂ ಲಗುಬಗೆಯಿಂದ ಓಡಿಬಂದರು. ಹದಿನಾಲ್ಕು ವರ್ಷದ ಮೇಲೆ ಮೈದುನನನ್ನು ನೋಡುವ ಆತುರ ಎಂದುಕೊಂಡು ನಾನು ಗಾಡಿಯಿಂದ ಇಳಿದೇ ನಿಂತೆ. ಹತ್ತಿರ ಬಂದವರು ನನ್ನ ಮುಖ ನೋಡಿದರು, ಖಾಲಿ ತೊಟ್ಟಿ ನೋಡಿದರು, ಸೆರಗಿನಲ್ಲಿ ಪಾತ್ರೆ ಮುಚ್ಚಿಕೊಂಡು, "ಓ, ನೀವಾ" ಎಂದು ಬೇಸರದಿಂದ ಒಳಗೆ ಹೋದರು.